ಉಚ್ಚಂಗಿದುರ್ಗ

ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನಲ್ಲಿರುವ ಒಂದು ಬೆಟ್ಟ, ಅದರ ಮೇಲಿನ ಕೋಟೆ ಹಾಗೂ ಅದೇ ಹೆಸರಿನ ಊರು. ದಾವಣಗೆರೆಯಿಂದ ಈಶಾನ್ಯಕ್ಕೆ ರಸ್ತೆಯಲ್ಲಿ ಸುಮಾರು 30 ಕಿ.ಮೀ. ದೂರ. ಕದಂಬರ ಕಾಲದಿಂದ ಹೊಯ್ಸಳರವರೆಗೆ ಎಂಟು ನೂರು ವರ್ಷ ಈ ಬೆಟ್ಟ ಯಾರ ಕೈಯಲ್ಲಿದ್ದರೆ ಕನ್ನಡ ನಾಡಿನ ನಡುಭಾಗ ಅವರ ಕೈಯಲ್ಲಿತ್ತು ಎನ್ನುವಷ್ಟು ಇದಕ್ಕೆ ಬೆಲೆಯಿತ್ತು. ಇಂದು ಇದು ಮುಖ್ಯವಾಗಿ ಉಚ್ಚೆಂಗೆಮ್ಮನ ಗುಡ್ಡ. ಹರಿಹರ, ಗುತ್ತೂರು, ದಾವಣಗೆರೆ, ಜಗಳೂರು, ಹರಪನಹಳ್ಳಿ ಕಡೆಯ ಸಾವಿರಾರು ಮನೆಗಳಿಗೆ ಈ ತಾಯಿ ಮನೆದೇವರು.

ಹೆಸರಿನ ಹಳೆಯ ರೂಪ ‘ಉಚ್ಚಶೃಂಗಿ’. ಎತ್ತರದ ಶಿಖರವುಳ್ಳದ್ದು ಎಂದು ಅರ್ಥ. ಬನವಾಸಿಯ ಕದಂಬರ ಶಾಸನಗಳಲ್ಲಿ ಬನವಾಸಿ, ಹಲಸಿ, ತ್ರಿಪರ್ವತಗಳ ಜೊತೆಗೆ ಒಂದು ಆಡಳಿತ ಕೇಂದ್ರವಾಗಿ ಇದು ಕಾಣಿಸುತ್ತದೆ. ಜನರ ಬಾಯಲ್ಲಿ ಸವೆದು ಉಚ್ಚಂಗಿಯಾಯಿತು. ದೇವಿ ಉಚ್ಚಂಗೆಮ್ಮ, ಉಚ್ಚೆಂಗೆಮ್ಮ, ಉಚ್ಚಂಗಿ ಎಲ್ಲಮ್ಮ ಆದಳು. ಉಚ್ಚೆಂಗೆಪ್ಪ, ಉಚ್ಚೆಂಗೆಮ್ಮ ಎಂಬ ಹೆಸರಿನವರು ಈ ಸೀಮೆಯ ಹಳ್ಳಿಗಳಲ್ಲಿ ಇವತ್ತಿಗೂ ಇದ್ದಾರೆ. ಸಂಸ್ಕೃತದ ಒಂದು ಗಿರಿನಾಮ ಹೀಗೆ ಅಜ್ಜ ಅಜ್ಜಿಯರ ಹೆಸರಾಗಿ ಒಕ್ಕಲು ಮನೆಗಳಿಗೆ ಇಳಿದು ಬಂದಿರುವುದು ಕಡಿಮೆ ಸಂಗತಿಯಲ್ಲ.

ನೆಲ, ನೀರು

ತಮಿಳುನಾಡಿನ ಕೊಲ್ಲಿಮಲೆ, ಶೇರ್ವರಾಯನ್, ಜವ್ವಾದು ಬೆಟ್ಟಗಳನ್ನು ಕಂಡವರಿಗೆ ಬೆಟ್ಟವೆಂದರೆ ಒಂದರ ಹೆಗಲಿಗೆ ಇನ್ನೊಂದು ಹೆಗಲು ಕೊಟ್ಟು ನಿಂತ ಸಾಲು. ಅಲ್ಲಿ ಬೆಟ್ಟದ ನೆತ್ತಿಯ ಮೇಲೆಯೇ ಊರುಗಳಿವೆ, ಹೊಲಗಳಿವೆ. ದಾವಣಗೆರೆ ಸೀಮೆಯ ಗುಡ್ಡಗಳ ಪರಿ ಬೇರೆ. ಇಲ್ಲಿ ಬಯಲೇ ಯಜಮಾನ. ಬಯಲಿನ ನಡುವೆ ಅಲ್ಲೊಂದು ಇಲ್ಲೊಂದು ಗುಡ್ಡ ಒಂಟಿಯಾಗಿ ಏಳುತ್ತದೆ. ಹರಿಹರ ತಾಲ್ಲೂಕಿನ ಕೊಂಡಜ್ಜಿಯ ಗುಡ್ಡ, ಅಲ್ಲಿಂದ ಪೂರ್ವಕ್ಕೆ ಉಚ್ಚಂಗಿ, ಇನ್ನೂ ಆಚೆ ಜಗಳೂರು ಸೀಮೆಯ ರಂಗಯ್ಯನದುರ್ಗ, ಆಗ್ನೇಯಕ್ಕೆ ಚಿತ್ರದುರ್ಗದ ಏಳುಸುತ್ತಿನ ಬೆಟ್ಟಗಳು. ಇವನ್ನು ಒಂದು ಶ್ರೇಣಿ ಎನ್ನುವುದಕ್ಕಿಂತ ಕಾವಲು ಗುಡ್ಡಗಳ ಸಾಲು ಎನ್ನುವುದು ಸರಿ. ಒಂಟಿ ಗುಡ್ಡದ ನೆತ್ತಿಯಲ್ಲಿ ನಿಂತರೆ ನಾಲ್ಕೂ ದಿಕ್ಕಿನಲ್ಲಿ ಬರುವ ದಂಡು ಕಾಣುತ್ತದೆ; ಆ ಗುಡ್ಡ ಕಡಿದಾಗಿದ್ದು, ಮೇಲೆ ನೀರೂ ಇದ್ದರೆ ಅದು ಕೋಟೆಯಾಗದೆ ಇರುವುದಿಲ್ಲ. ಈ ಸೀಮೆಯಲ್ಲಿ ‘ದುರ್ಗ’ದಿಂದ ಕೊನೆಗೊಳ್ಳುವ ಊರ ಹೆಸರುಗಳು ಇಷ್ಟೊಂದು ಇರುವುದಕ್ಕೆ ನೆಲದ ಈ ಗುಣವೇ ಕಾರಣ.

ಉಚ್ಚಂಗಿಯದು ಬೋಳು ಬಂಡೆಯ ಬೆಟ್ಟ. ಬಿಸಿಲು ಮಳೆಗೆ ಸಿಪ್ಪೆ ಸಿಪ್ಪೆಯಾಗಿ ಏಳುವ ಹಳೆಯ ಗ್ರಾನೈಟ್ ಜಾತಿಯ ಕಲ್ಲು. ಹತ್ತುವಾಗ ಕಾಲಡಿ ಸಿಕ್ಕುವ ತೆಳು ಚಕ್ಕೆಗಳು, ನೀರು ಹರಿದಲ್ಲೆಲ್ಲ ಬಂಡೆಯ ಮೈಮೇಲೆ ಇಳಿದ ಕಪ್ಪು ಗೆರೆಗಳು, ಸೀಳಿನಲ್ಲಿ ಬೇರು ಬಿಟ್ಟ ಬೇವು, ಕತ್ತಾಳೆ, ಕಳ್ಳಿ. ಇಂಥ ಬಂಡೆಗಳ ತಗ್ಗಿನಲ್ಲಿ ಮಳೆನೀರು ನಿಂತು ಉಂಟಾಗುವ ಕೊಳಕ್ಕೆ ನಮ್ಮ ಕಡೆ ‘ದೊಣೆ’ ಎನ್ನುತ್ತಾರೆ. ಬಯಲಿನಲ್ಲಿ ಬಾವಿ ಬತ್ತಿದರೂ ಆಳದ ದೊಣೆಯಲ್ಲಿ ನೀರು ಉಳಿಯುತ್ತದೆ. ಬಯಲುಸೀಮೆಯ ಗಿರಿದುರ್ಗಗಳು ಮುತ್ತಿಗೆಯನ್ನು ತಡೆದದ್ದು ಗೋಡೆಯ ದಪ್ಪದಿಂದ ಎಷ್ಟೋ ಅಷ್ಟೇ ಈ ದೊಣೆಗಳ ನೀರಿನಿಂದ.

ಬೆಟ್ಟದ ಸುತ್ತಲಿನ ನೆಲ ಮಳೆಯಾಶ್ರಯದ್ದು. ಮೊದಲು ಬಿಳಿಜೋಳ, ನವಣೆ, ಹತ್ತಿ, ಶೇಂಗಾ. ಈಗ ಬಹುಪಾಲು ಮೆಕ್ಕೆಜೋಳ. ಹರಿಹರ, ದಾವಣಗೆರೆಯ ದಕ್ಷಿಣದ ಹೊಲಗಳಿಗೆ ಲಕ್ಕವಳ್ಳಿಯ ಭದ್ರಾ ಜಲಾಶಯದ ನಾಲೆ ಬಂದ ಮೇಲೆ ಅಲ್ಲಿ ಭತ್ತ, ಕಬ್ಬು, ಅಡಿಕೆ ಬೆಳೆದವು. ಉಚ್ಚಂಗಿಯ ಕಡೆಗೆ ಆ ನೀರು ಬರಲಿಲ್ಲ. ದಾವಣಗೆರೆಯಿಂದ ಹೊರಟು ಈ ಬೆಟ್ಟದ ಕಡೆಗೆ ಬರುವವರಿಗೆ ಅರ್ಧ ಗಂಟೆಯಲ್ಲಿ ಹಸಿರು ಹಿಂದೆ ಸರಿದು ಕೆಂಪು ಮಣ್ಣು, ಕಪ್ಪು ಮಣ್ಣು, ಒಣ ಹಳ್ಳಗಳು ಎದುರಾಗುತ್ತವೆ. ಹರಿಹರ ತಾಲ್ಲೂಕಿನ ರಾಜನಹಳ್ಳಿಯ ಬಳಿ ತುಂಗಭದ್ರೆಯಿಂದ ನೀರೆತ್ತಿ 22 ಕೆರೆಗಳನ್ನು ತುಂಬಿಸುವ ಯೋಜನೆ ಬಂದದ್ದು ಈ ಒಣ ಪಟ್ಟಿಯ ರೈತರು ವರ್ಷಗಟ್ಟಲೆ ಕೇಳಿದ ಮೇಲೆಯೇ.

ಕಾಡು ಎನ್ನುವಂಥದ್ದು ಉಳಿದಿರುವುದು ಕಡಿಮೆ. ಕುರುಚಲು ಕಾಡಿನ ಬೆಲೆಯನ್ನು ಮಲೆನಾಡಿನ ಕಣ್ಣಿನಿಂದ ಅಳೆಯಬಾರದು ಎಂಬುದಕ್ಕೆ ಪೂರ್ವದ ರಂಗಯ್ಯನದುರ್ಗ ಸಾಕ್ಷಿ: ನಾಲ್ಕು ಕೊಂಬಿನ ಕೊಂಡುಕುರಿಗಾಗಿ 2011ರಲ್ಲಿ ಅಲ್ಲಿ ಅಭಯಾರಣ್ಯ ಘೋಷಣೆಯಾಯಿತು. ಪಶ್ಚಿಮದ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳ ಅಭಯಾರಣ್ಯವಿದೆ. ಎರಡರ ನಡುವಿನ ಈ ಬಯಲು ಒಂದು ಕಾಲಕ್ಕೆ ಅವೆರಡಕ್ಕೂ ಮೇವಿನ ನೆಲವಾಗಿದ್ದಿರಬೇಕು.

ಗುಹನ ಸೀಮೆ

ಉಚ್ಚಂಗಿಯ ಕಥೆ ಶುರುವಾಗುವುದು ಉಚ್ಚಂಗಿಯಲ್ಲಿ ಅಲ್ಲ, ಹರಿಹರದಲ್ಲಿ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ, ಅಂದರೆ ಶಾಂತಿಸಾಗರದಿಂದ, ಹೊರಟ ಹರಿದ್ರಾ ಹೊಳೆ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಹೊಳೆಗಳು ಕೂಡುವ ಈ ಜಾಗಕ್ಕೆ ಕೂಡಲೂರು ಎಂದು ಹಳೆಯ ಹೆಸರು. ಸ್ಥಳಪುರಾಣದ ಪ್ರಕಾರ ಇಲ್ಲಿ ಗುಹನೆಂಬ ಅಸುರನಿದ್ದ. ಘೋರ ತಪಸ್ಸು ಮಾಡಿ ಬ್ರಹ್ಮನಿಂದ ವರ ಪಡೆದ: ಹರಿಯಿಂದಲೂ ತನಗೆ ಸಾವು ಬರಬಾರದು, ಹರನಿಂದಲೂ ಬರಬಾರದು. ವರ ಸಿಕ್ಕಿದ ಮೇಲೆ ದೇವತೆಗಳಿಗೂ ಮನುಷ್ಯರಿಗೂ ಅವನ ಕಾಟ ತಡೆಯದಾಯಿತು. ಆಗ ಹರಿ ಹರರಿಬ್ಬರೂ ಒಂದೇ ಮೈಯಾಗಿ ಕೂಡಲೂರಿನಲ್ಲಿ ಇಳಿದು ಅವನನ್ನು ತುಳಿದರು. ಇಬ್ಬರಲ್ಲಿ ಯಾರೊಬ್ಬರೂ ಕೊಲ್ಲಲಿಲ್ಲ, ಹಾಗಾಗಿ ವರವೂ ಸುಳ್ಳಾಗಲಿಲ್ಲ. ಸಾಯುವ ಹೊತ್ತಿಗೆ ಅಸುರ ಬೇಡಿದ್ದು ಒಂದೇ: ಈ ನೆಲಕ್ಕೆ ನನ್ನ ಹೆಸರು ಉಳಿಯಲಿ. ಅದಕ್ಕೇ ಇದು ಗುಹಾರಣ್ಯ ಕ್ಷೇತ್ರ.

ಕಥೆಯ ಇಷ್ಟು ಭಾಗ ಹರಿಹರದಲ್ಲಿ ಎಲ್ಲರಿಗೂ ಗೊತ್ತು. ಇದರಲ್ಲಿ ಇನ್ನೊಂದು ಮಾತಿದೆ, ಅದನ್ನು ಹೇಳುವವರು ಕಡಿಮೆ. ಗುಹನ ಸೀಮೆಗೆ ಎಲ್ಲೆಗಳನ್ನು ಗುರುತಿಸಿ ಹೇಳಲಾಗಿದೆ: ಪೂರ್ವಕ್ಕೆ ಉಚ್ಚಂಗಿದುರ್ಗ, ದಕ್ಷಿಣಕ್ಕೆ ಗೋವಿನಹಾಳು, ಪಶ್ಚಿಮಕ್ಕೆ ಮುದೇನೂರು, ಉತ್ತರಕ್ಕೆ ಐರಣಿ. ಪುರಾಣಗಳು ಸಾಮಾನ್ಯವಾಗಿ ಅಸುರನಿಗೆ ಮೂರು ಲೋಕ ಕೊಟ್ಟುಬಿಡುತ್ತವೆ. ಈ ಕಥೆ ಕಟ್ಟಿದವರು ಮಾತ್ರ ತಮ್ಮ ನೆಲವನ್ನು ಕಾಲ್ನಡೆಯಲ್ಲಿ ತಿಳಿದವರು. ನಾಲ್ಕೂ ಇವತ್ತಿಗೂ ಇರುವ ಊರುಗಳು. ಐರಣಿಯಲ್ಲಿ ಹೊಳೆದಂಡೆಯ ಕೋಟೆ, ಉಚ್ಚಂಗಿಯಲ್ಲಿ ಗುಡ್ಡದ ಕೋಟೆ. ಒಂದು ಕಡೆ ನೀರು, ಇನ್ನೊಂದು ಕಡೆ ಕಲ್ಲು. ನಡುವಿನ ಬಯಲು ಗುಹನದು. ಕಥೆಯನ್ನು ನಂಬುವವರಿಗೆ ಅದು ಕ್ಷೇತ್ರಮಹಿಮೆ. ನಂಬದವರಿಗೂ ಅದು ಈ ಸೀಮೆಯ ಹಳೆಯ ಮೋಜಣಿ ದಾಖಲೆ: ಹೊಳೆಯ ಹರಿಹರವೂ ಗುಡ್ಡದ ಉಚ್ಚಂಗಿಯೂ ಒಂದೇ ನಾಡು ಎಂಬ ತಿಳಿವಳಿಕೆ ಅದರೊಳಗಿದೆ. ಉಚ್ಚಂಗಿಯ ಚರಿತ್ರೆಯನ್ನು ಹರಿಹರದಿಂದ ಬಿಡಿಸಿ ಓದಿದರೆ ಅರ್ಧ ಮಾತ್ರ ಸಿಕ್ಕುತ್ತದೆ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ಪಲ್ಲವರಿಂದ ನೊಳಂಬರಿಗೆ

ಈ ಸೀಮೆಗೂ ತಮಿಳು ನಾಡಿಗೂ ಇದ್ದ ಜಗಳದ ಮೊದಲ ಗುರುತು ಸಿಕ್ಕುವುದು ಉಚ್ಚಂಗಿಯ ನೆರೆಯ ಅಣಜಿಯಲ್ಲಿ. ಅಲ್ಲಿನ ಶಾಸನವೊಂದು ನಣಕ್ಕಾಸನೆಂಬ ಪಲ್ಲವ ರಾಜನಿಗೂ ಕದಂಬ ಕೃಷ್ಣವರ್ಮನಿಗೂ ನಡೆದ ಯುದ್ಧವನ್ನು ಹೇಳುತ್ತದೆ. ಕೃಷ್ಣವರ್ಮನ ಸೈನ್ಯ ಮುರಿಯಿತು, ನಾಡು ಹಾಳಾಯಿತು. ಅದನ್ನು ಕಂಡ ಕೇಕಯ ವಂಶದ ಶಿವನಂದವರ್ಮ ಮನಸ್ಸನ್ನು ಶಾಂತ ಮಾಡಿಕೊಂಡು, ದರ್ಭೆಯ ಹಾಸಿನ ಮೇಲೆ ಮಲಗಿ, ವ್ರತ ಹಿಡಿದು ಸ್ವರ್ಗವನ್ನು ಬಯಸಿದ. ಗೆದ್ದವರ ಬಿರುದಾವಳಿಯಿಂದ ತುಂಬಿದ ನಮ್ಮ ಶಾಸನ ರಾಶಿಯಲ್ಲಿ ಸೋತ ನಾಡಿನ ಒಬ್ಬ ಅರಸ ಹೀಗೆ ಮಲಗಿದ್ದನ್ನು ಕಲ್ಲಿನಲ್ಲಿ ಕೊರೆಸಿದ್ದು ಅಪರೂಪ. ಕದಂಬರ ಕಾಲದ ಇನ್ನೊಂದು ದಾಖಲೆ, ರವಿವರ್ಮನ ತಾಮ್ರಪಟ, ‘ದಾವಣಗೆರೆ ತಾಮ್ರಪಟ’ ಎಂದೇ ಹೆಸರಾಗಿದೆ.

ಕದಂಬರ ನಂತರದ ಶತಮಾನಗಳಲ್ಲಿ ಈ ಬೆಟ್ಟ ನೊಳಂಬವಾಡಿ 32,000ದ ಕೋಟೆಗಳಲ್ಲಿ ಒಂದಾಯಿತು. ಇಂದಿನ ಚಿತ್ರದುರ್ಗ, ತುಮಕೂರು, ಬಳ್ಳಾರಿ, ಅನಂತಪುರ, ಕೋಲಾರ ಸೀಮೆಗಳಲ್ಲಿ ಹರಡಿದ್ದ ನಾಡು ಅದು. ರಾಜಧಾನಿ ಹೆಂಜೇರು, ಈಗಿನ ಆಂಧ್ರದ ಹೇಮಾವತಿ. ನೊಳಂಬರು ಕನ್ನಡದಲ್ಲಿ ಶಾಸನ ಬರೆಸಿದವರು, ಆದರೆ ತಮ್ಮನ್ನು ಕಂಚಿಯ ಪಲ್ಲವರ ಕುಲದವರೆಂದು ಹೇಳಿಕೊಂಡರು. ನೊಳಂಬ ಅರಸ ಮಹೇಂದ್ರನ ಕಾಲದಲ್ಲಿ ಅವರ ಆಳ್ವಿಕೆ ತಗಡೂರಿನವರೆಗೆ, ಅಂದರೆ ತಮಿಳುನಾಡಿನ ಧರ್ಮಪುರಿಯವರೆಗೆ ಮುಟ್ಟಿತ್ತು. ಧರ್ಮಪುರಿಯಲ್ಲಿ ಅವನ ಕಾಲದ ಶಾಸನಗಳಿವೆ. ಉಚ್ಚಂಗಿಯ ಬಂಡೆಯಿಂದ ತಗಡೂರಿನ ಬೆಟ್ಟಗಳವರೆಗೆ ಒಂದೇ ಮನೆತನದ ಮಾತು ನಡೆಯುತ್ತಿದ್ದ ಕಾಲವೊಂದಿತ್ತು ಎಂಬುದನ್ನು ಇಂದಿನ ರಾಜ್ಯಗಳ ನಕಾಶೆ ಮರೆಸಿಬಿಟ್ಟಿದೆ.

ನೊಳಂಬರ ಬೆನ್ನುಮೂಳೆ ಮುರಿದವನು ಗಂಗರ ಇಮ್ಮಡಿ ಮಾರಸಿಂಹ. ‘ನೊಳಂಬಕುಲಾಂತಕ’ ಅವನ ಬಿರುದು. ಅವನು ಉಚ್ಚಂಗಿಯ ಕೋಟೆ ಹಿಡಿದದ್ದನ್ನು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಹೇಳುತ್ತದೆ. ಆ ಕಾಲದ ಹೋರಾಟದಲ್ಲಿ ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಕಾದು ‘ರಣರಂಗಸಿಂಗ’ ಎನಿಸಿಕೊಂಡವನು ಚಾವುಂಡರಾಯ. ಮುಂದೆ ಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದವನೂ, 978ರಲ್ಲಿ ಚಾವುಂಡರಾಯ ಪುರಾಣವನ್ನು ಬರೆದವನೂ ಅವನೇ. ಇಂದು ಗೊಮ್ಮಟನ ಎದುರು ಕೈಮುಗಿಯುವ ಯಾತ್ರಿಕರಲ್ಲಿ ಎಷ್ಟು ಮಂದಿಗೆ ಆ ದಂಡನಾಯಕನ ಕತ್ತಿ ಉಚ್ಚಂಗಿಯ ಬಂಡೆಗಳ ನಡುವೆ ಆಡಿದ್ದು ನೆನಪಾದೀತು?

ಹನ್ನೆರಡು ವರ್ಷದ ಮುತ್ತಿಗೆ

ಚೋಳ ರಾಜರಾಜನ ಮೆಯ್‌ಕೀರ್ತಿ, ಅಂದರೆ ಶಾಸನದ ಮೊದಲಿಗೆ ಬರುವ ಅವನ ದಿಗ್ವಿಜಯದ ಹೊಗಳಿಕೆ, ಗಂಗವಾಡಿಯ ಜೊತೆಗೆ ನೊಳಂಬವಾಡಿಯನ್ನೂ (ತಮಿಳಿನಲ್ಲಿ ‘ನುಳಂಬಪಾಡಿ’) ಗೆದ್ದ ನಾಡುಗಳ ಪಟ್ಟಿಗೆ ಸೇರಿಸುತ್ತದೆ. ಆದರೆ ಉಚ್ಚಂಗಿಯ ವಿಷಯದಲ್ಲಿ ಹೊಯ್ಸಳರ ಕವಿಗಳು ಬೇರೆಯೇ ಕಥೆ ಬರೆದರು. ಚೋಳ ಈ ಕೋಟೆಗೆ ಹನ್ನೆರಡು ವರ್ಷ ಮುತ್ತಿಗೆ ಹಾಕಿ, ಆಸೆ ಬಿಟ್ಟು ಹಿಂದಿರುಗಿದನಂತೆ. ಅದೇ ಕೋಟೆಯನ್ನು ವೀರಬಲ್ಲಾಳ ಆಟವಾಡಿದಂತೆ ಹಿಡಿದನಂತೆ.

‘ಹನ್ನೆರಡು ವರ್ಷ’ ಎಂಬ ಲೆಕ್ಕವನ್ನು ಪಂಚಾಂಗ ಹಿಡಿದು ನೋಡಬೇಕಿಲ್ಲ. ನಮ್ಮ ಮಾತಿನಲ್ಲಿ ದೊಡ್ಡ ಬರವೂ ಹನ್ನೆರಡು ವರ್ಷದ್ದು, ಪಾಂಡವರ ವನವಾಸವೂ ಹನ್ನೆರಡು ವರ್ಷದ್ದು. ಮನುಷ್ಯನ ತಾಳ್ಮೆಯ ಕೊನೆಯ ಅಳತೆ ಅದು. ಬಲ್ಲಾಳನನ್ನು ಹೊಗಳಲು ಚೋಳನನ್ನು ತಗ್ಗಿಸಿದ ಕವಿ, ತನಗೆ ಗೊತ್ತಿಲ್ಲದೆ ಬೆಟ್ಟವನ್ನೇ ಎಲ್ಲರಿಗಿಂತ ಹೆಚ್ಚು ಹೊಗಳಿದ್ದಾನೆ.

ಬಲ್ಲಾಳ ಬರುವ ಹೊತ್ತಿಗೆ ಕೋಟೆಯಲ್ಲಿದ್ದವರು ಉಚ್ಚಂಗಿಯ ಪಾಂಡ್ಯರು. ಮಧುರೆಯ ಪಾಂಡ್ಯರ ಜೊತೆ ಇವರನ್ನು ಬೆರೆಸಿಕೊಳ್ಳಬಾರದು. ಇವರು ಕಲ್ಯಾಣದ ಚಾಲುಕ್ಯರ ಕೈಕೆಳಗೆ ನೊಳಂಬವಾಡಿಯನ್ನು ಆಳಿದ ಮಾಂಡಲಿಕರು. ಇದೇ ನಾಡನ್ನು ಹಿಂದೆ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ತಮ್ಮ ಜಯಸಿಂಹ ಆಳಿದ್ದ. ಅವನ ಬಿರುದಿನಲ್ಲಿ ನೊಳಂಬ, ಪಲ್ಲವ ಎರಡೂ ಹೆಸರುಗಳಿದ್ದವು. ಅವನು ಅಣ್ಣನ ಮೇಲೆ ತಿರುಗಿಬಿದ್ದದ್ದನ್ನು ಬಿಲ್ಹಣ ‘ವಿಕ್ರಮಾಂಕದೇವಚರಿತ’ದಲ್ಲಿ ಹೇಳುತ್ತಾನೆ. ಆ ಬಳಿಕ ಹೆಸರು ಮಾಡಿದ ಪಾಂಡ್ಯ ಅರಸರಲ್ಲಿ ತ್ರಿಭುವನಮಲ್ಲ ಪಾಂಡ್ಯ, ವೀರಪಾಂಡ್ಯ, ವಿಜಯಪಾಂಡ್ಯ ಮುಖ್ಯರು. ದಾವಣಗೆರೆಗೆ ಅಂಟಿಕೊಂಡಂತಿರುವ ಬೇತೂರು ಕೂಡ ಆ ಕಾಲದ ದೊಡ್ಡ ನೆಲೆ.

ಹೊಯ್ಸಳರ ಕಣ್ಣು ಬೆಟ್ಟದ ಮೇಲೆ ಬಿದ್ದದ್ದು ವಿಷ್ಣುವರ್ಧನನ ಕಾಲದಲ್ಲೇ. ದುಮ್ಮೆಯ ಬಳಿ ಅವನು ಪಾಂಡ್ಯನನ್ನು ಸೋಲಿಸಿ, ‘ತಲಕಾಡುಗೊಂಡ’ನ ಜೊತೆಗೆ ‘ನೊಳಂಬವಾಡಿಗೊಂಡ’ನೂ ಆದ. ಆದರೆ ಹಿಡಿತ ನಿಲ್ಲಲಿಲ್ಲ. ಕೆಲಸವನ್ನು ಮುಗಿಸಿದ್ದು ಅವನ ಮೊಮ್ಮಗ ಇಮ್ಮಡಿ ಬಲ್ಲಾಳ. 1173ರಲ್ಲಿ ಪಟ್ಟಕ್ಕೆ ಬಂದವನು 1177ರಲ್ಲಿ ಉಚ್ಚಂಗಿಯನ್ನು ಹಿಡಿದ. ಕೋಟೆ ಕೈಗೆ ಬಂದದ್ದು ಶನಿವಾರ. ಹಾಗಾಗಿ ಅವನು ‘ಶನಿವಾರಸಿದ್ಧಿ’. ಗೆದ್ದದ್ದು ಬೆಟ್ಟದ ಕೋಟೆ, ಹಾಗಾಗಿ ‘ಗಿರಿದುರ್ಗಮಲ್ಲ’. ಮುಂದೆ ಹೊಯ್ಸಳರ ನೂರಾರು ಶಾಸನಗಳಲ್ಲಿ ಈ ಎರಡು ಬಿರುದುಗಳು ಬರುತ್ತವೆ. ಮೈಸೂರು, ಹಾಸನದ ಯಾವುದೋ ಹಳ್ಳಿಯ ವೀರಗಲ್ಲಿನಲ್ಲಿ ‘ಶನಿವಾರಸಿದ್ಧಿ ಗಿರಿದುರ್ಗಮಲ್ಲ’ ಎಂದು ಓದುವಾಗ ನಾವು ಓದುತ್ತಿರುವುದು ಉಚ್ಚಂಗಿಯ ಹೆಸರನ್ನೇ. ಅಷ್ಟು ದೂರದ ಕಲ್ಲುಗಳಲ್ಲಿ ಹೆಸರೆತ್ತದೆ ನೆನಪಾಗುವ ಬೆಟ್ಟ ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಸೋತ ಪಾಂಡ್ಯ, ಕಾಮದೇವನೆಂಬ ಇನ್ನೊಂದು ಹೆಸರಿನವನು, ಬಲ್ಲಾಳನ ಮರೆಹೊಕ್ಕ. ಬಲ್ಲಾಳ ಅವನನ್ನು ಮತ್ತೆ ಅವನ ನಾಡಿಗೆ ಒಡೆಯನನ್ನಾಗಿ ಮಾಡಿದ. ಇದು ಔದಾರ್ಯವೂ ಹೌದು, ಜಾಣತನವೂ ಹೌದು: ಉತ್ತರದಲ್ಲಿ ಸೇವುಣರು ಕಾದಿರುವಾಗ ನೆಲ ಬಲ್ಲ ಮಾಂಡಲಿಕ ಜೊತೆಗಿರುವುದು ಲೇಸು.

ಇದರ ಫಲ ಕಾಣುವುದು ಹರಿಹರದಲ್ಲಿ. ಬಲ್ಲಾಳನ ಮಗ ಇಮ್ಮಡಿ ನರಸಿಂಹನ ದಂಡನಾಯಕ ಪೋಳಾಳ್ವ 1224ರಲ್ಲಿ ಹರಿಹರೇಶ್ವರನ ಗುಡಿಯನ್ನು ಕಟ್ಟಿಸಿದ. ಗರ್ಭಗುಡಿಯ ಆಳೆತ್ತರದ ವಿಗ್ರಹದ ಬಲಭಾಗ ಹರ, ಎಡಭಾಗ ಹರಿ. ಒಂದು ಕಡೆ ಜಟೆ, ಇನ್ನೊಂದು ಕಡೆ ಕಿರೀಟ, ಒಂದೇ ಮುಖ. 1268ರಲ್ಲಿ ಅದಕ್ಕೆ ಇನ್ನಷ್ಟು ಸೇರಿಸಿದವನು ಸೋಮನಾಥಪುರದ ಗುಡಿ ಕಟ್ಟಿಸಿದ ಸೋಮ ದಂಡನಾಯಕ. ಗುಡಿ ಕಟ್ಟಿದ 1224ರ ಹರಿಹರ ಶಾಸನ ನರಸಿಂಹನನ್ನು ಚೋಳ ರಾಜ್ಯವನ್ನು ನೆಲೆ ನಿಲ್ಲಿಸಿದವನೆಂದು ಹೊಗಳುತ್ತದೆ. ಕಥೆಯ ಪ್ರಕಾರ ಉಚ್ಚಂಗಿಯ ಬುಡದಲ್ಲಿ ಹನ್ನೆರಡು ವರ್ಷ ಕಾದು ಹಿಂದಿರುಗಿದ ಚೋಳ ಮನೆತನ, ಬಲ್ಲಾಳ ಅದೇ ಬೆಟ್ಟವನ್ನು ಗೆದ್ದು ಐವತ್ತು ವರ್ಷ ಕಳೆಯುವ ಮೊದಲೇ ಅವನ ಮಗನ ಆಸರೆಯಲ್ಲಿ ಉಳಿಯಿತು. ನರಸಿಂಹನ ದಂಡು ಕಾವೇರಿಯಾಚೆ ಶ್ರೀರಂಗದ ಸೀಮೆಯವರೆಗೂ ಹೋಯಿತು. ಅವನ ಮಗ ಸೋಮೇಶ್ವರ ಅಲ್ಲಿಯ ಕಣ್ಣನೂರಿನಲ್ಲೇ ನೆಲೆ ನಿಂತ.

ನಂತರದ ಶತಮಾನಗಳಲ್ಲಿ ಸೇವುಣರು, ವಿಜಯನಗರದವರು, ಹರಪನಹಳ್ಳಿ ಮತ್ತು ಚಿತ್ರದುರ್ಗದ ಪಾಳೆಯಗಾರರು ಈ ಸೀಮೆಯ ಒಡೆತನಕ್ಕೆ ಕಾದಾಡಿದರು. 1763ರಲ್ಲಿ ಹರಿಹರ, 1779ರಲ್ಲಿ ಚಿತ್ರದುರ್ಗ ಹೈದರಾಲಿಯ ಪಾಲಾದವು. ತೋಪಿನ ಕಾಲ ಬಂದ ಮೇಲೆ ಗಿರಿದುರ್ಗದ ಬೆಲೆ ಇಳಿಯಿತು.

ಮೂರು ಸರ್ಕಾರಗಳ ನಡುವೆ

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಉಚ್ಚಂಗಿ ಮದರಾಸಿನ ಆಡಳಿತಕ್ಕೆ ಸೇರಿತು. ಹರಿಹರ, ದಾವಣಗೆರೆ ಮೈಸೂರು ಸಂಸ್ಥಾನದಲ್ಲಿ ಉಳಿದವು. ಹೊಳೆಯಾಚೆಯ ರಾಣೆಬೆನ್ನೂರು ಸೀಮೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಹೋಯಿತು. ಅಂದರೆ ಗುಹಾಸುರನ ನಾಲ್ಕು ಎಲ್ಲೆಗಳು ಮೂರು ಸರ್ಕಾರಗಳಿಗೆ ಹಂಚಿಹೋದವು: ಉಚ್ಚಂಗಿ ಮದರಾಸಿಗೆ, ಐರಣಿ ಮತ್ತು ಮುದೇನೂರು ಮುಂಬಯಿಗೆ, ಗೋವಿನಹಾಳು ಮೈಸೂರಿಗೆ. ದಾವಣಗೆರೆಯಿಂದ ದೇವಿಗೆ ಹರಕೆ ಹೊತ್ತು ಹೊರಟ ಬಂಡಿ ಮೈಸೂರು ದಾಟಿ ಮದರಾಸಿಗೆ ಕಾಲಿಡುತ್ತಿತ್ತು. ಬಂಡಿಯೊಳಗೆ ಕುಳಿತವರಿಗೆ ಅದು ಗೊತ್ತೂ ಆಗುತ್ತಿರಲಿಲ್ಲ, ಬೇಕೂ ಇರಲಿಲ್ಲ.

ಈ ಹಂಚಿಕೆಯಿಂದ ಆದ ನಷ್ಟ ವಿದ್ವತ್ತಿನದು. ಬಿ. ಎಲ್. ರೈಸ್ ಮೈಸೂರು ಸಂಸ್ಥಾನದ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಜಿಲ್ಲಾವಾರು ಸಂಗ್ರಹಿಸಿದಾಗ ಹರಿಹರ, ದಾವಣಗೆರೆ, ಅಣಜಿ ಎಲ್ಲ ಚಿತ್ರದುರ್ಗ ಜಿಲ್ಲೆಯ ಹನ್ನೊಂದನೆಯ ಸಂಪುಟದಲ್ಲಿ ಬಂದವು. ಉಚ್ಚಂಗಿ ಗಡಿಯಾಚೆ ಇದ್ದುದರಿಂದ ಬರಲಿಲ್ಲ. ಉಚ್ಚಂಗಿಯ ಅರಸರ ಶಾಸನಗಳು ಮೈಸೂರಿನ ಸಂಪುಟದಲ್ಲಿ, ಅವರ ರಾಜಧಾನಿಯ ವಿವರ ಬಳ್ಳಾರಿ ಜಿಲ್ಲೆಯ ಗ್ಯಾಸೆಟಿಯರಿನಲ್ಲಿ. ಒಂದೇ ಮನೆಯ ಜನ ಎರಡು ಊರಿನ ರೇಷನ್ ಕಾರ್ಡಿನಲ್ಲಿ ಹಂಚಿಹೋದಂತೆ ಆಯಿತು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದ ದಿನವೇ ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯ ಇತರ ಕನ್ನಡ ತಾಲ್ಲೂಕುಗಳ ಜೊತೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ತಾಲ್ಲೂಕು ಅಲ್ಲಿಗೆ ಸೇರಿತು. ಕಲ್ಯಾಣ ಕರ್ನಾಟಕಕ್ಕೆ ಸಿಗುವ 371(ಜೆ) ವಿಧಿಯ ಸವಲತ್ತು ತಪ್ಪಿಹೋಯಿತೆಂದು ಜನ ಹೋರಾಡಿದ ಮೇಲೆ 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಹೋಯಿತು.

ಉಚ್ಚೆಂಗೆಮ್ಮ

ರಾಜರು ಇಳಿದುಹೋದ ಬೆಟ್ಟದಲ್ಲಿ ಉಳಿದವಳು ದೇವಿ. ರೇಣುಕೆಯ ಕಥೆಯೇ ಇಲ್ಲಿಯ ಕಥೆ: ಜಮದಗ್ನಿಯ ಕೋಪ, ತಾಯಿಯ ತಲೆ ಕಡಿದ ಪರಶುರಾಮ, ಮತ್ತೆ ಜೀವ ತಳೆದ ತಾಯಿ. ಸವದತ್ತಿಯ ಎಲ್ಲಮ್ಮನ ಗುಡ್ಡ, ಸೊರಬ ಸೀಮೆಯ ಚಂದ್ರಗುತ್ತಿ, ಈ ಉಚ್ಚಂಗಿ, ಮೂರೂ ಬೆಟ್ಟದ ನೆಲೆಗಳೇ. ಚಿತ್ರದುರ್ಗದ ನಾಯಕರಿಗೂ ಈಕೆ ಪೂಜ್ಯಳು. ಚಿತ್ರದುರ್ಗದ ಪೇಟೆಯಲ್ಲಿರುವ ಉಚ್ಚಂಗಮ್ಮನ ದೊಡ್ಡ ಗುಡಿ ಅದಕ್ಕೆ ಗುರುತು. ಅಲ್ಲಿ ಆಕೆಗೆ ಉತ್ಸವಾಂಬೆ ಎಂಬ ಸಂಸ್ಕೃತದ ಹೆಸರೂ ಇದೆ. ಬೆಟ್ಟದ ತಾಯಿ ಪಾಳೆಯಗಾರರ ಜೊತೆ ಪೇಟೆಗೆ ಹೋಗಿ ಹೆಸರು ಬದಲಿಸಿಕೊಂಡಳು.

ಮಾಘ ಮಾಸದ ಭರತ ಹುಣ್ಣಿಮೆಗೆ ಬೆಟ್ಟದ ಬುಡ ತುಂಬಿಹೋಗುತ್ತದೆ. ಹಾಲಮ್ಮನ ತೋಪಿನಲ್ಲಿ ಬಂಡಿ, ಟ್ರ್ಯಾಕ್ಟರ್, ಟೆಂಪೋಗಳು ಸಾಲುಗಟ್ಟುತ್ತವೆ. ಮೂರು ಕಲ್ಲಿನ ಒಲೆ ಹೂಡಿ ಹೋಳಿಗೆ, ಕಡುಬು ಮಾಡಿ ಎಡೆ ಹಿಡಿಯುತ್ತಾರೆ. ಜೋಗತಿಯರು ಪಡ್ಲಿಗೆ ಹೊತ್ತು ಬರುತ್ತಾರೆ: ಬಿದಿರ ಬುಟ್ಟಿ, ಅದರಲ್ಲಿ ದೇವಿಯ ಮುಖ, ಬೇವಿನ ಸೊಪ್ಪು, ಭಂಡಾರ. ಕಂಕುಳಿಗೆ ಚೌಡಿಕೆ. ಒಂದು ಬದಿ ಚರ್ಮ ಬಿಗಿದ ಮರದ ಕೊಳವೆ, ನಡುವಿನಿಂದ ಎಳೆದ ಒಂದೇ ತಂತಿ. ಕಡ್ಡಿಯಿಂದ ಮೀಟಿದರೆ ಎದೆಯೊಳಗಿನಿಂದ ಬಂದಂಥ ನಾದ. ಹಾಡುವವಳು ಒಂದು ನುಡಿ ಮುಗಿಸಿದ ಕೂಡಲೇ ಸುತ್ತಲಿನವರು ‘ಉಧೋ ಉಧೋ’ ಎನ್ನುತ್ತಾರೆ. ಮೆಟ್ಟಿಲು ಹತ್ತುವವರ ಹಣೆ, ಕೆನ್ನೆ, ಬಟ್ಟೆ ಎಲ್ಲ ಅರಿಶಿನ. ಸಂಜೆ ಹೊತ್ತಿಗೆ ಬಂಡೆಯೇ ಹಳದಿಯಾಗಿರುತ್ತದೆ.

ಇದೇ ಹುಣ್ಣಿಮೆಯ ಇನ್ನೊಂದು ಮುಖವನ್ನು ಮುಚ್ಚಿಡುವುದು ಅನ್ಯಾಯ. ಮುತ್ತು ಕಟ್ಟುವುದು, ಅಂದರೆ ಹೆಣ್ಣುಮಗುವಿನ ಕೊರಳಿಗೆ ಕೆಂಪು ಬಿಳಿ ಮಣಿಯ ಸರ ಕಟ್ಟಿ ದೇವಿಗೆ ಬಿಡುವುದು, ಈ ಬೆಟ್ಟದಲ್ಲೂ ತಲೆಮಾರುಗಳ ಕಾಲ ನಡೆಯಿತು. ಹಾಗೆ ಬಿಟ್ಟವರಲ್ಲಿ ಬಹುಪಾಲು ದಲಿತ ಮನೆಗಳ ಹುಡುಗಿಯರು. ಮಳೆ ಬರಲೆಂದು, ಗಂಡು ಮಗ ಉಳಿಯಲೆಂದು, ಮನೆಗೆ ದುಡಿಯುವವರಿಲ್ಲವೆಂದು, ಕೂದಲು ಜಡೆಗಟ್ಟಿತೆಂದು. ಕಾರಣ ಯಾವುದಿದ್ದರೂ ಆ ಹುಡುಗಿಗೆ ಮದುವೆಯಿಲ್ಲ, ಅವಳ ಮಕ್ಕಳಿಗೆ ತಂದೆಯ ಹೆಸರಿಲ್ಲ. ಇದು ಭಕ್ತಿಯಲ್ಲ, ಬಡತನ ಮತ್ತು ಜಾತಿ ಸೇರಿ ದೇವಿಯ ಹೆಸರಿನಲ್ಲಿ ಮಾಡಿದ ದ್ರೋಹ.

ಇದನ್ನು ತಡೆಯುವ ಕಾನೂನು ಬಂದ ಬಗೆಯಲ್ಲೂ ಆ ಮೂರು ಸರ್ಕಾರಗಳ ಗಡಿಗಳಿವೆ. ಹೊಳೆಯಾಚೆಗೆ 1934ರ ಮುಂಬಯಿ ದೇವದಾಸಿ ರಕ್ಷಣಾ ಕಾಯಿದೆ ಅನ್ವಯವಾಗುತ್ತಿತ್ತು. ಉಚ್ಚಂಗಿಗೆ 1947ರ ಮದರಾಸು ಕಾಯಿದೆ. ಅದರ ಹಿಂದೆ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಇಪ್ಪತ್ತು ವರ್ಷದ ಹೋರಾಟವಿತ್ತು. ಮೈಸೂರಿನಲ್ಲಿ 1909ರ ಸರ್ಕಾರಿ ಆದೇಶ ಮುಜರಾಯಿ ದೇವಾಲಯಗಳ ಸೇವೆಯನ್ನು ನಿಲ್ಲಿಸಿತ್ತಷ್ಟೇ. ಇಡೀ ರಾಜ್ಯಕ್ಕೆ ಒಂದೇ ಕಾನೂನಾದದ್ದು 1982ರ ಕರ್ನಾಟಕ ದೇವದಾಸಿ (ಸಮರ್ಪಣೆ ನಿಷೇಧ) ಕಾಯಿದೆಯಿಂದ. ಈಗ ಹುಣ್ಣಿಮೆಯ ದಿನ ಬೆಟ್ಟದ ಬುಡದಲ್ಲಿ ಪೊಲೀಸರೂ ಮಹಿಳಾ ಮತ್ತು ಮಕ್ಕಳ ಇಲಾಖೆಯವರೂ ಕಾವಲಿರುತ್ತಾರೆ. ಅವರ ಜೊತೆ ಹಳ್ಳಿಹಳ್ಳಿಗೂ ಹೋಗಿ ತಡೆಯುವವರಲ್ಲಿ ಮಾಜಿ ದೇವದಾಸಿಯರ ಸಂಘಟನೆಗಳೇ ಮುಂದು. ತಮ್ಮ ಕೊರಳಿನಲ್ಲಿ ಆದದ್ದು ಮಗಳ ಕೊರಳಿನಲ್ಲಿ ಆಗಬಾರದೆಂದು ನಿಂತ ಈ ಹೆಣ್ಣುಮಕ್ಕಳು, ಈ ಕೋಟೆಯನ್ನು ಕಾದ ಯಾವ ದಂಡನಾಯಕನಿಗೂ ಕಡಿಮೆಯವರಲ್ಲ.

ನೋಡಲು ಹೋಗುವವರಿಗೆ

ಬೇಸಿಗೆಯಲ್ಲಿ ಬಂಡೆ ಕಾಯುತ್ತದೆ. ಬೆಳಗಿನ ಹೊತ್ತು ಹತ್ತಿ ಹತ್ತು ಗಂಟೆಯೊಳಗೆ ಇಳಿಯುವುದು ಒಳ್ಳೆಯದು. ಕುಡಿಯುವ ನೀರು ಜೊತೆಗಿರಲಿ. ಕೋಟೆಯ ಕಲ್ಲುಗಳ ಮೇಲೆ ಹೆಸರು ಕೊರೆಯಬೇಡಿ, ಶಾಸನದ ಕಲ್ಲಿಗೆ ಎಣ್ಣೆ, ಸುಣ್ಣ ಬಳಿಯಬೇಡಿ. ಸಮಯವಿದ್ದರೆ ಅದೇ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ, ನೀಲಗುಂದದ ಭೀಮೇಶ್ವರ ದೇವಾಲಯಗಳನ್ನೂ ನೋಡಬಹುದು. ಹರಿಹರದ ಗುಡಿಯನ್ನು ಮೊದಲು ನೋಡಿ ಆಮೇಲೆ ಬೆಟ್ಟಕ್ಕೆ ಬಂದರೆ ಗುಹನ ಸೀಮೆ ಕಣ್ಣಿಗೆ ಸರಿಯಾಗಿ ಕೂರುತ್ತದೆ.

ಉಚ್ಚಂಗಿಯ ಜನ ಪಹಣಿ ತಿದ್ದಿಸಲು ಹರಪನಹಳ್ಳಿಗೆ, ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡಲು ಹೊಸಪೇಟೆಗೆ ಹೋಗುತ್ತಾರೆ. ಮೆಕ್ಕೆಜೋಳ ಮಾರಲು, ಆಸ್ಪತ್ರೆಗೆ, ಮಕ್ಕಳ ಕಾಲೇಜಿಗೆ, ಮದುವೆಯ ಜವಳಿಗೆ ಮಾತ್ರ ದಾವಣಗೆರೆಯ ಬಸ್ಸು ಹತ್ತುತ್ತಾರೆ.